ಸೋಪಿನ ರಾಗ

ಧರ್ಮಪಾಠದ ಮೇಷ್ಟ್ರಿಗೆ ಹಾಡಲು ಬರುತ್ತಿರಲಿಲ್ಲ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು, ಭಾನುವಾರ ಬೆಳಗ್ಗೆ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಹನ್ನೊಂದು ಮಕ್ಕಳಿಗೆ ಪಾಠ ಹೇಳುವುದು, ಇದು ಅವರ ಬದುಕು. ಮಕ್ಕಳೆಲ್ಲ ಹದಿನಾಲ್ಕು ಹದಿನೈದರವರು. ತಾಯಂದಿರು ಎಬ್ಬಿಸಿ ದಬ್ಬಿದ್ದಕ್ಕೆ ಬಂದವರು. ಕೆಟ್ಟ ಮೈಕು, ಸುತ್ತಿಟ್ಟ ಜಮಖಾನಗಳ ನಡುವೆ ಕೂತು ಆಕಳಿಸುತ್ತಿದ್ದರು.

ಮೇಷ್ಟ್ರಿಗೆ ಒಂದೇ ಹಟ. ತೀರಿಕೊಂಡವರನ್ನು ಕಳಿಸಿಕೊಡುವ ಪ್ರಾರ್ಥನೆ ಈ ಮಕ್ಕಳಿಗಾದರೂ ಬಾಯಿಗೆ ಬರಬೇಕು. ಅದನ್ನು ಹಾಡಿಯೇ ಹೇಳಬೇಕು. ರಾಗ ಬಲ್ಲ ಹಿರಿಯರೆಲ್ಲ ಅದೇ ಪ್ರಾರ್ಥನೆ ಹೇಳಿಸಿಕೊಂಡು ಹೋಗಿಯಾಗಿತ್ತು. ಮೇಷ್ಟ್ರು ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದರು. ಮಕ್ಕಳು ಮಗ್ಗಿಯಂತೆಯೇ ಮರೆಯುತ್ತಿದ್ದರು.

ಒಂದು ಭಾನುವಾರ ಅವರು ಒಳಗೆ ಬರುವಷ್ಟರಲ್ಲಿ ಹನ್ನೊಂದು ಜನವೂ ಪದ ತಪ್ಪದೆ ಅದನ್ನು ಹಾಡುತ್ತಿದ್ದರು, ಟಿವಿಯಲ್ಲಿ ಬರುವ ಬಟ್ಟೆ ಸೋಪಿನ ಜಾಹೀರಾತಿನ ರಾಗದಲ್ಲಿ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

“ಯಾರದಿದು ಕೆಲಸ?”

ಪೀಪಿ ಎದ್ದು ನಿಂತಳು. ಬಾಯಿ ಮುಚ್ಚುವುದೇ ಇಲ್ಲವೆಂದು ಆ ಹುಡುಗಿಗೆ ಆ ಹೆಸರು. “ನಾನೇ ಸಾರ್. ಸರಿಯಾಗಿ ಕೂತ್ಕೊಳ್ತು. ನೆನಪೂ ಇರತ್ತೆ.”

“ಸತ್ತವರ ಮುಂದೆ ಸೋಪು ಮಾರ್ತೀಯಾ?”

“ಸತ್ತವರು ಬೇಜಾರು ಮಾಡ್ಕೊಳ್ತಾರಾ ಸಾರ್?”

“ಹೊರಗೆ ನಡಿ. ಇನ್ನು ಈ ಕಡೆ ತಲೆ ಹಾಕಬೇಡ.”

ಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತ ಅದೇ ರಾಗ ಗುನುಗುತ್ತಿದ್ದರು. ಹೃದಯ ಸರಿಯಿರಲಿಲ್ಲ; ಸಾಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು.

“ರೀ, ಆ ಹುಡುಗೀನ ವಾಪಸ್ ಕರೀರಿ.”

“ಮೊದಲು ತಪ್ಪಾಯ್ತು ಅನ್ನಲಿ.”

“ಯಾತಕ್ಕೆ? ಇಷ್ಟು ವರ್ಷದಲ್ಲಿ ನಿಮ್ಮ ಪಾಠ ಮಕ್ಕಳ ಬಾಯಿಗೆ ಹತ್ತಿದ್ದೇ ಅವಳಿಂದ. ನಾನು ಹೋದಾಗ ಯಾರು ಹೇಳ್ತಾರೆ, ನೀವಾ? ಆ ಗಂಟಲು ಕೇಳಿದ್ರೆ ಎದ್ದು ಕೂತ್ಬಿಡ್ತೀನಿ.”

“ಬಿಡ್ತು ಅನ್ನು,” ಅಂದರು ಮೇಷ್ಟ್ರು.

ಕರೆಯಲಿಲ್ಲ. ಮುಂದಿನ ವಾರ ನೋಡೋಣ ಅಂದುಕೊಂಡರು. ಹಾಗೆಯೇ ವಾರಗಳು ಹೋದವು. ಒಂದು ಮಧ್ಯಾಹ್ನ ಅವರು ಅಂಗಡಿಯಲ್ಲಿದ್ದಾಗ ಹೆಂಡತಿ ಅಡುಗೆಮನೆಯಲ್ಲಿ ತೀರಿಕೊಂಡರು.

ಮರುದಿನ ಮನೆ ಮುಂದೆ ಜನ ಸೇರಿದರು. ಪ್ರಾರ್ಥನೆಗೆ ಬಾಯಿ ತೆರೆದ ಮೇಷ್ಟ್ರು ಮೊದಲ ಪದಕ್ಕೇ ನಿಲ್ಲಿಸಿ ಮಕ್ಕಳ ಕಡೆ ಕೈ ತೋರಿಸಿದರು. ಹತ್ತು ಮಕ್ಕಳು ಮುಂದೆ ಬಂದು, ಅವರಂತೆಯೇ, ಮಗ್ಗಿಯಂತೆ ಶುರು ಮಾಡಿದರು. ಎರಡನೇ ಸಾಲಿಗೆ ತಡವರಿಸಿ ನಿಂತರು. ರಾಗವಿಲ್ಲದೆ ಪದ ಬರಲಿಲ್ಲ. ಹತ್ತೂ ಜನ ಗೇಟಿನ ಕಡೆ ನೋಡಿದರು. ಅಲ್ಲಿ ಪೀಪಿ ಶಾಲೆಯ ಸಮವಸ್ತ್ರದಲ್ಲೇ ಬಂದು, ಒಳಗೆ ಕಾಲಿಡದೆ ನಿಂತಿದ್ದಳು.

“ಬಾಮ್ಮ,” ಅಂದರು ಮೇಷ್ಟ್ರು. “ನಿನ್ನ ರಾಗದಲ್ಲೇ ಹೇಳು.”

“ಬೈಯಲ್ವಾ ಸಾರ್?”

“ಇಲ್ಲ. ಅವಳಿಗೆ ಅದೇ ಇಷ್ಟ.”

ಹಾಡಿದಳು. ಜಾಹೀರಾತಿಗಿಂತ ಬಹಳ ನಿಧಾನವಾಗಿ, ಅಳು ನುಂಗಲು ಸಾಲಿಗೊಮ್ಮೆ ನಿಂತು. ಉಳಿದವರೂ ದನಿಗೂಡಿಸಿದರು. ಒಂದು ಪದವೂ ತಪ್ಪಲಿಲ್ಲ. ರಾಗ ಎಲ್ಲಿಯದೆಂದು ಬೀದಿಗೆಲ್ಲ ಗೊತ್ತಿತ್ತು, ಯಾರೂ ನಗಲಿಲ್ಲ. ಮಂದಿರದ ಅಧ್ಯಕ್ಷರು ಮಾತ್ರ ನಡುವೆಯೇ ಎದ್ದು ಹೋದರು.

ಎರಡು ದಿನ ಬಿಟ್ಟು ಅವರೇ ಬಂದರು. “ಮೇಷ್ಟ್ರೇ, ನಿಮ್ಮ ದುಃಖ ಅರ್ಥ ಆಗತ್ತೆ. ಆದ್ರೂ ಸೋಪಿನ ಹಾಡಾ? ನಾಲ್ಕು ಜನ ಏನಂತಾರೆ?” ಎಂದು ಕೋಣೆಯ ಬೀಗದ ಕೈ ಇಸಿದುಕೊಂಡರು. ಮಕ್ಕಳ ಮನೆಗಳಲ್ಲೂ ಅದೇ ಮಾತಾಯಿತು.

ಭಾನುವಾರ ಮೇಷ್ಟ್ರು ಮನೆ ಬಾಗಿಲು ತೆರೆದಿಟ್ಟು ಕೂತರು. ಪೀಪಿ ಇಬ್ಬರನ್ನು ಎಳೆದುಕೊಂಡು ಬಂದಳು.

“ಯಾಕೆ ಸಾರ್ ಹಾಗೆ ನೋಡ್ತೀರಿ? ಪಾಠ ಇಲ್ವಾ?”

“ಇದೆ. ಹೊಸ ಪ್ರಾರ್ಥನೆ. ರಾಗ ನೀನೇ ಕೂರಿಸು.”

ಹೋದದ್ದು ಇಷ್ಟು: ಒಂದು ಕೋಣೆ, ಎಂಟು ಮಕ್ಕಳು, ಒಬ್ಬ ಹೆಂಡತಿ.