ಮೂಕಿಗೆ ದನಿ ಕೊಡಿ

ಇದನ್ನು ಒಳಗೆ ತೆಗೆದುಕೊಂಡು ಹೋಗುವುದೋ, ಎಲ್ಲಾದರೂ ಮರೆತವನಂತೆ ಬಿಟ್ಟುಬಿಡುವುದೋ? ಬಸ್ಸಿನಲ್ಲಿ ಕಳೆದುಹೋಯಿತು ಎಂದರೆ ಅಕ್ಕ ನಂಬಿಬಿಡುತ್ತಾಳೆ. ಕೊಡೆ, ಕನ್ನಡಕ, ಬೀಗದ ಕೈ, ಒಮ್ಮೆ ಕಾಲಲ್ಲಿದ್ದ ಒಂದು ಚಪ್ಪಲಿ, ಹೀಗೆ ಈ ತಮ್ಮ ಕಳೆದುಕೊಂಡದ್ದೆಲ್ಲ ಅವಳಿಗೆ ಬಾಯಿಪಾಠ. ಆದರೆ ಕಳೆದುಹೋಯಿತು ಎಂದರೆ ನಾಳೆಯೇ ಇನ್ನೊಂದು ತಾ ಎನ್ನುತ್ತಾಳೆ. ಆಗ ಏನು ಮಾಡುವುದು? ಅವನು ರಸ್ತೆಯ ಈಚೆ ಬದಿಯಲ್ಲೇ ನಿಂತು, ಚೀಲದೊಳಗೆ ಕೈಯಿಟ್ಟು ಡಿಸ್ಕಿನ ಡಬ್ಬಿಯನ್ನು ಮತ್ತೊಮ್ಮೆ ಸವರಿದ. ಹೊದಿಕೆಯ ಮೇಲಿನ ಸಾಲು ಬೆರಳಿಗೆ ತಾಗುವಂತೆ ಉಬ್ಬಿಕೊಂಡಿತ್ತು: ‘ಅಭಿಮಾನಿಗಳ ಕೋರಿಕೆಯ ಮೇರೆಗೆ, ಈಗ ದನಿಯೊಂದಿಗೆ!’

ಎದುರಿಗೆ ಅಕ್ಕನ ಅಂಗಡಿ. ಭಾನುವಾರವಾದ್ದರಿಂದ ಬಾಗಿಲು ಅರ್ಧ ಹಾಕಿತ್ತು. ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ರವಿಕೆ ಸಡಿಲ ಮಾಡುವುದು, ಕಿತ್ತುಹೋದ ಜಿಪ್ಪು ಹಾಕುವುದು ಅವಳ ಕೆಲಸ. ಗಾಜಿನಾಚೆ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅದನ್ನು ಈಗಲೂ ಒಂದೇ ಸಲಕ್ಕೆ ಪೋಣಿಸುತ್ತಾಳೆ. ಆದರೆ ಮೊಣಕೈ ಪಕ್ಕದಲ್ಲಿರುವ ಟೀ ಲೋಟ ಕಾಣುವುದಿಲ್ಲ. ದಿನಕ್ಕೊಂದು ಸಲವಾದರೂ ಚೆಲ್ಲುತ್ತದೆ. ನೋಟದ ಅಂಚು ಸುತ್ತಲಿನಿಂದ ಒಳಕ್ಕೆ ಸರಿಯುತ್ತ ಬರುತ್ತಿದೆ, ಕೊನೆಗೆ ನಡುವಿನದೂ ಹೋಗುತ್ತದೆ, ಇದಕ್ಕೆ ಮದ್ದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಅವಳು ಅವರ ತುಟಿಯನ್ನೇ ನೋಡುತ್ತ, “ಸದ್ಯ, ನಿಮ್ಮ ಬಾಯಿ ಇನ್ನೂ ಪೂರ್ತಿ ಕಾಣ್ತಿದೆ” ಎಂದಿದ್ದಳು.

ಕಿವಿ ಹೋದದ್ದು ಹುಡುಗಿಯಾಗಿದ್ದಾಗ, ಒಂದು ಜ್ವರದಲ್ಲಿ. ಮಾತು ಅಷ್ಟರಲ್ಲಾಗಲೇ ಬಂದಿದ್ದರಿಂದ ಉಳಿದುಕೊಂಡಿತು, ಏರಿಳಿತವಿಲ್ಲದ ಒಂದೇ ಸಮನಾದ ಮಾತು. ಶಾಲೆಯ ಮಕ್ಕಳಿಗೆ ಕಿವುಡಿಗೂ ಮೂಕಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ‘ಮೂಕಿ, ಮೂಕಿ’ ಎಂದು ಕರೆಯುತ್ತಿದ್ದರು. ಜ್ವರ ಬಿಟ್ಟ ಮೇಲೆ ಮನೆಯವರೆಲ್ಲ ಅವಳೆದುರು ಬಾಯಿ ಆಡಿಸುವ ಮೀನುಗಳಾಗಿದ್ದರಂತೆ. ಆಗಲೇ ಅಮ್ಮ ಇಬ್ಬರನ್ನೂ ಒಂದು ಹಳೆಯ ಮೂಕಿ ಚಿತ್ರಕ್ಕೆ ಕರೆದುಕೊಂಡು ಹೋದದ್ದು. ಅಮ್ಮನ ತೊಡೆಯ ಮೇಲೆ ತಮ್ಮ ನಿದ್ದೆ ಹೋಗಿದ್ದ. ಅಕ್ಕ ಮಾತ್ರ ಬೆಂಚಿನ ತುದಿಯಲ್ಲಿ ಕೂತು, ಮಾತು ಬರೆದ ಕಪ್ಪು ಫಲಕಗಳನ್ನು ಒಂದೊಂದಾಗಿ ಓದಿದ್ದಳು. ದೋಣಿಗಾರನೊಬ್ಬ ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೊರಡುತ್ತಾನೆ. ದಡದಲ್ಲಿ ನಿಂತ ಹೆಂಡತಿ ಏನೋ ಕೂಗುತ್ತಾಳೆ. ಫಲಕ ಬಂತು. ಇಡೀ ಸಭಾಂಗಣ ನಕ್ಕಿತು, ಬೆಂಚು ಅಲುಗಿತು, ಅವಳೂ ನಕ್ಕಳು. ಒಬ್ಬರು ಹೇಳಿ, ಇನ್ನೊಬ್ಬರು ತಿಳಿಸಿ, ಆಮೇಲೆ ನಕ್ಕದ್ದಲ್ಲ. ಎಲ್ಲರ ಜೊತೆಗೆ, ಅದೇ ಗಳಿಗೆಯಲ್ಲಿ. ಏನು ಓದಿ ನಕ್ಕೆನೆಂಬುದು ಅವಳಿಗೆ ಮರೆತುಹೋಗಿತ್ತು. ನಕ್ಕದ್ದು ಮರೆತಿರಲಿಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಅದೇ ಚಿತ್ರ ಕಾಲೇಜಿನ ಸಭಾಂಗಣಕ್ಕೆ ಒಂದು ದಿನದ ಮಟ್ಟಿಗೆ ಬಂತು. ಅಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಂದಳು. ಆದರೆ ಅಷ್ಟು ದೊಡ್ಡ ಪರದೆ ಅವಳ ಉಳಿದ ನೋಟದೊಳಗೆ ಹಿಡಿಯಲಿಲ್ಲ. ಫಲಕ ಬಂದಾಗ ಸಾಲಿನ ಮೊದಲು ಎಲ್ಲಿದೆ ಎಂದು ಹುಡುಕುವುದರಲ್ಲಿ ಅದು ಹೋಗಿಬಿಡುತ್ತಿತ್ತು. ಹೊರಗೆ ಬಂದವಳು ಮೆಟ್ಟಿಲ ಮೇಲೇ ಅವನ ತೋಳು ಹಿಡಿದು ಕೇಳಿದಳು: “ನದಿ ದಡದ್ದು. ಏನಿತ್ತೋ ಅದರಲ್ಲಿ? ಕುರ್ಚಿ ಅಲುಗ್ತು, ನಂಗೆ ಗೊತ್ತಾಯ್ತು.”

“ನಾನ್ಯಾಕೆ ಹೇಳ್ಲಿ? ಡಿಸ್ಕ್ ತರಿಸ್ತೀನಿ ತಾಳು. ಮನೇಲಿ ಟಿವಿ ಮುಂದೆ ಕೂತು, ಬೇಕಾದಲ್ಲಿ ನಿಲ್ಲಿಸಿ ನೀನೇ ಓದ್ಕೋ.”

“ಡಿಸ್ಕ್ ಬಂದಿದ್ಯಾ ಅದರದ್ದು?”

“ಬರ್ಸೋಣ.”

ಆ ಮಾತಿನಿಂದಲೇ ಚಳವಳಿ ಹುಟ್ಟಿದ್ದು. ಅವತ್ತು ಚಿತ್ರ ನೋಡಲು ಬಂದಿದ್ದವರಲ್ಲಿ ಹಲ್ಲು ಡಾಕ್ಟರು ಮೊದಲು ಸೇರಿಕೊಂಡರು. “ದಿನವಿಡೀ ಬಾಯಿ ತೆರೆದವರ ಮಧ್ಯೆ ಇರ್ತೀನಿ. ಬಾಯಿ ತೆರೆದ್ರೂ ಸದ್ದು ಬರದೇ ಇರೋದು ಇಲ್ಲಿ ಮಾತ್ರ” ಎಂದು ತಮ್ಮ ಪ್ರೀತಿಗೆ ಕಾರಣ ಕೊಟ್ಟರು. ಸಂಗೀತದ ಟೀಚರು ಆಮೇಲೆ ಬಂದರು. ಡಾಕ್ಟರ ಕ್ಲಿನಿಕ್ಕಿನಲ್ಲಿ, ದವಡೆಯ ಪಡಿಯಚ್ಚುಗಳ ನಡುವೆ, ಭಾನುವಾರಗಳಂದು ಕೂಡುತ್ತಿದ್ದರು. ಹಳೆಯ ಚಿತ್ರಗಳ ಹಕ್ಕು ಕೊಂಡ ಕಂಪನಿಯೊಂದಕ್ಕೆ ಬರೆದರು, ಮತ್ತೆ ಬರೆದರು, ಸಹಿ ಮಾಡಿಸಿದರು. ಸಹಿ ಮಾಡಿದವರಲ್ಲಿ ಬಹುಪಾಲು ಹಲ್ಲು ನೋವಿಗೆ ಬಂದು, ಕೆನ್ನೆ ಮರಗಟ್ಟಿ, ಇಲ್ಲ ಎನ್ನಲಾರದೆ ಕೂತಿದ್ದವರು.

ಘೋಷವಾಕ್ಯ ಮಾತ್ರ ಅವನದು. ಅವನ ಉದ್ಯೋಗವೇ ಮಾತು ತಿದ್ದುವುದು: ಔಷಧಿ ಡಬ್ಬಿಯೊಳಗಿನ ಮಡಿಸಿದ ಚೀಟಿಗಳ ಕನ್ನಡ ಅವನ ಕೈ ದಾಟದೆ ಅಚ್ಚಿಗೆ ಹೋಗುತ್ತಿರಲಿಲ್ಲ. ‘ಮಕ್ಕಳಿಂದ ದೂರವಿರಿ’ ಎಂದು ಬಂದದ್ದನ್ನು ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ತಿದ್ದಿದವನು. ಒಂದು ಮಾತಿಗೆ ಎರಡು ಅರ್ಥ ಬಂದರೆ ಯಾರದೋ ಜೀವಕ್ಕೆ ಕುತ್ತು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು. ಆ ಅವನು, ಮೂಕಿ ಚಿತ್ರದ ಪರವಾಗಿ ದನಿ ಎತ್ತಿ ಎಂಬ ಅರ್ಥದಲ್ಲಿ, ಬರೆದ: ‘ಮೂಕಿಗೆ ದನಿ ಕೊಡಿ.’ ಡಾಕ್ಟರು ತೊಡೆ ತಟ್ಟಿಕೊಂಡರು. ಟೀಚರು ಅದಕ್ಕೆ ರಾಗವನ್ನೂ ಹಾಕಿದರು. ಭಿತ್ತಿಪತ್ರ ನೋಡಿದ ಅಕ್ಕ, “ನಂಗೇನಾದ್ರೂ ಕೊಡಿಸ್ತಿದೀರಾ?” ಎಂದು ನಗಾಡಿದಳು. ಆಗಲಾದರೂ ಅವನಿಗೆ ಹೊಳೆಯಬೇಕಿತ್ತು.

ಇವತ್ತು ಮಧ್ಯಾಹ್ನ ಡಿಸ್ಕು ಕೈಗೆ ಬಂದ ಮೇಲೆ ಬಸ್‌ಸ್ಟಾಂಡಿನಲ್ಲೇ ನಿಂತು ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿದ್ದ.

“ದನಿ ಕೊಡಿ ಅಂತ ಬರೆದಿದ್ದು ನೀವೇ ತಾನೆ ಸಾರ್? ಕೊಟ್ಟಿದೀವಿ! ಒಳ್ಳೊಳ್ಳೆ ಕಲಾವಿದರನ್ನ ಕರೆಸಿ ಮಾತು ಹಾಕ್ಸಿದೀವಿ. ಯಾರೂ ಮಾಡದ ಕೆಲಸ.”

“ಫಲಕಗಳು?”

“ಯಾವ್ದು? ಓ, ಆ ಕರೀ ಬೋರ್ಡುಗಳಾ? ಮಾತೇ ಕೇಳಿಸ್ತಾ ಇರುವಾಗ ಅವು ಅಡ್ಡ ಅಲ್ವಾ. ತೆಗೆಸಿದ್ವಿ.”

“ಮೂಲದಲ್ಲಿ ಇರತ್ತಲ್ಲ?”

“ಮೂಲದ ರೀಲು ಎಲ್ಲಿ ಸಾರ್, ಮುಟ್ಟಿದ್ರೆ ಪುಡಿ. ಯಂತ್ರದ ಮೇಲೆ ಹಾಕಿದ್ದೇ ಕೊನೇ ಸಲ. ಚಿತ್ರ ಬಂದಲ್ಲಿ ಹಿಡಿದ್ವಿ, ಬೋರ್ಡು ಬಂದಲ್ಲಿ ದಾಟಿಸಿದ್ವಿ. ಯಾಕೆ, ಏನಾದ್ರೂ ತೊಂದ್ರೆನಾ? ಹಲೋ?”

ಅಂಗಡಿಯ ಗಾಜಿನಾಚೆಯಿಂದ, ಟೀಚರ ಜೊತೆ ಆಗಲೇ ಬಂದಿದ್ದ ಹಲ್ಲು ಡಾಕ್ಟರು ಅವನನ್ನು ಕಂಡು ಎರಡೂ ಕೈ ಬೀಸಿದರು. ಇನ್ನು ನಿಂತು ಉಪಯೋಗವಿರಲಿಲ್ಲ. ಅವನು ರಸ್ತೆ ದಾಟಿದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ ತನ್ನ ಕುರ್ಚಿಯನ್ನು ಆಗಲೇ ಗೋಡೆಗೆ ಒತ್ತಿ ಇಟ್ಟುಕೊಂಡಿದ್ದಳು. ಅಷ್ಟು ದೂರ ಕೂತರೆ ಟಿವಿಯ ಪರದೆ ಪೂರ್ತಿ ಅವಳ ನೋಟದೊಳಗೆ ಹಿಡಿಸುತ್ತಿತ್ತು. ಬಾಗಿಲ ಸಂದಿನ ಬೆಳಕು ಬೀಳದಂತೆ ಯಾರದೋ ಕೋಟನ್ನು ಮೊಳೆಗೆ ನೇತುಹಾಕಿದ್ದಳು. ರಿಮೋಟು ಮಡಿಲಲ್ಲಿತ್ತು.

“ಬಂದ್ಯಾ? ಬಸ್ಸಲ್ಲಿ ಬಿಟ್ಟು ಬಂದಿರ್ತಾನೆ ಅಂತ ಡಾಕ್ಟ್ರ ಹತ್ರ ಪಂದ್ಯ ಕಟ್ಟಿದ್ದೆ.”

“ಸೋತ್ರಲ್ಲ ತಾಯಿ, ನನಗೊಂದು ಪ್ಯಾಂಟು ಗಿಡ್ಡ ಮಾಡ್ಕೊಡಿ” ಎಂದ ಡಾಕ್ಟರು ಅವನ ಕೈಯಿಂದ ಡಬ್ಬಿ ತೆಗೆದುಕೊಂಡರು. ಹೊದಿಕೆ ಓದಿದರು. ಟೀಚರ ಕೈಗೆ ಕೊಟ್ಟರು. ಇಬ್ಬರೂ ಅವನ ಮುಖ ನೋಡಿದರು. ಅವನು ಬಗ್ಗಿ ಡಿಸ್ಕು ಹಾಕಿದ.

ನದಿ ಬಂತು, ಗುಡಿಸಲು ಬಂತು, ಜೊತೆಗೇ ಕೋಣೆ ತುಂಬುವಂತೆ ಒಂದು ಗಂಡುದನಿ ಬಂತು. ಟೀಚರು ಕಿವಿಗೆ ಏಟು ಬಿದ್ದವರಂತೆ ಹಿಂದೆ ಸರಿದರು. ಅಕ್ಕ ಒಬ್ಬಳೇ ಮುಗುಳ್ನಗುತ್ತ ನೋಡುತ್ತಿದ್ದಳು. ದೋಣಿಗಾರ ಬಾಯಾಡಿಸಿದ. ಅವಳು ಫಲಕಕ್ಕೆ ಕಾದಳು. ಅವನ ಹೆಂಡತಿ ಬಾಯಾಡಿಸಿದಳು. ಅವಳು ಕಾದಳು.

“ಬೋರ್ಡು ಯಾಕೆ ಬರ್ತಿಲ್ಲ? ಡಿಸ್ಕ್ ಕೆಟ್ಟಿದ್ಯಾ?”

ತಮ್ಮ ಅವಳೆದುರು ಬಂದು, ಡಬ್ಬಿಯನ್ನು ಅವಳ ಕಣ್ಣಿಗೆ ನೇರವಾಗಿ ಹಿಡಿದ. ಅವಳು ತಲೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಹೊರಳಿಸುತ್ತ ಆ ಸಾಲನ್ನು ಓದಿದಳು. ಮತ್ತೊಮ್ಮೆ ಓದಿದಳು.

“ಕೊಟ್ರಾ?” ಎಂದಳು. “ಬೀದಿ ಬೀದಿ ಅಂಟಿಸಿ ಕೇಳಿದ್ರಲ್ಲ. ಕೊಟ್ಟಿದಾರೆ. ಅವರದೇನು ತಪ್ಪು?”

“ನಂದು ತಪ್ಪು” ಎಂದ ಅವನು.

“ಆಯ್ತು, ಅಳಬೇಡ. ಪಕ್ಕಕ್ಕೆ ಹೋಗು, ಪರದೆ ಕಾಣಲ್ಲ.”

ಮುಂದಕ್ಕೆ ಅವಳು ತುಟಿ ಓದಲು ನೋಡಿದಳು. ಒಂದು ಕಡೆ, ಗಂಡನ ಕಾಲು ಹಿಡಿದು ಬೇಡುವಾಗ ಆ ನಟಿ ಸುಮ್ಮನೆ ಬಾಯಾಡಿಸಲು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಾಳೆ ಅಂದಳು. ಡಾಕ್ಟರು ಗಟ್ಟಿಯಾಗಿ ನಕ್ಕು, ಯಾರೂ ಜೊತೆಗೂಡದ್ದರಿಂದ ನಿಲ್ಲಿಸಿದರು. ಆಮೇಲೆ ನದಿ ದಡ ಬಂತು. ದೋಣಿ ನೀರಿಗಿಳಿದಿತ್ತು; ಸಿಟ್ಟಿನಲ್ಲಿ ಹೊರಟವನು ನೀರು ತಳ್ಳುವ ಹುಟ್ಟನ್ನು ದಡದಲ್ಲೇ ಮರೆತಿದ್ದ. ಹೆಂಡತಿ ಎರಡೂ ಅಂಗೈಯನ್ನು ಬಾಯಿಗೆ ಮರೆಮಾಡಿ ಕೂಗಿದಳು. ತುಟಿ ಕಾಣಲಿಲ್ಲ. ಟಿವಿಯೊಳಗಿನ ಹೆಣ್ಣುದನಿ, “ಅಯ್ಯೋ, ಬೇಗ ಹಿಂದಿರುಗಿ ಬನ್ನಿ!” ಎಂದು ಬಿಕ್ಕಿತು.

ಅಕ್ಕ ರಿಮೋಟು ಒತ್ತಿದಳು. ಅಂಗೈ ಮರೆಯ ಮುಖ ಪರದೆಯ ಮೇಲೆ ನಿಂತಿತು.

“ಇದೇ ಅಲ್ವಾ?”

ಅವಳ ಹಿಂದೆ ಡಾಕ್ಟರೂ ಟೀಚರೂ ಪಿಸುಗುಟ್ಟತೊಡಗಿದರು. ‘ಹುಟ್ಟು ಬಿಟ್ಟು ಎಷ್ಟು ದೂರ ಹೋಗ್ತೀರೋ ನೋಡ್ತೀನಿ’ ಎಂದಿತ್ತು ಎಂದರು ಡಾಕ್ಟರು. ಅಲ್ಲವೇ ಅಲ್ಲ, ಅದರಲ್ಲಿ ಹುಟ್ಟಿನ ಮಾತೇ ಇರಲಿಲ್ಲ, ಅತ್ತೆಯ ವಿಷಯವೇನೋ ಇತ್ತು ಎಂದರು ಟೀಚರು. ಪಿಸುಗುಟ್ಟುವ ಅಗತ್ಯವೇನೂ ಇರಲಿಲ್ಲ. ಅಕ್ಕ ತಮ್ಮನನ್ನೇ ನೋಡುತ್ತಿದ್ದಳು.

“ಅವರಿಬ್ರನ್ನ ಕೇಳಲ್ಲ. ಡಾಕ್ಟ್ರಿಗೆ ಎಲ್ಲರಲ್ಲೂ ಹಲ್ಲೇ ಕಾಣೋದು. ನೀನು ಪಕ್ಕದಲ್ಲೇ ಕೂತಿದ್ಯಲ್ಲ ಅವತ್ತು, ನಿನ್ನ ಕಣ್ಣಿಗೇನಾಗಿತ್ತು? ಹೇಳು.”

ನೆನಪಿಲ್ಲ ಎನ್ನಲು ಅವನು ಬಾಯಿ ತೆರೆದ. ಅವಳ ಕಣ್ಣು ಆಗಲೇ ಅವನ ತುಟಿಯ ಮೇಲೆ ಬಂದು ನಿಂತಿತ್ತು, ಬೇರೇನನ್ನೂ ಕಾಣದ ಕಣ್ಣು. ಅವನು ಬಾಯಿ ಮುಚ್ಚಿಕೊಂಡ. ಚೀಲದಿಂದ ಯಾವುದೋ ಕೆಮ್ಮಿನ ಔಷಧಿಯ ಕರಡು ತೆಗೆದು, ಬೆನ್ನ ಬದಿಯಲ್ಲಿ, ಬಟ್ಟೆಗೆ ಗುರುತು ಹಾಕುವ ಅವಳ ದಪ್ಪ ಪೆನ್ಸಿಲಿನಿಂದ ಬರೆದ: ‘ಹೋಗುವವರು ಹುಟ್ಟಾದರೂ ತೆಗೆದುಕೊಂಡು ಹೋಗಿ. ನಾಳೆ ಬರಬೇಕಲ್ಲ!’ ಬರೆದು ಪರದೆಯ ಪಕ್ಕದಲ್ಲಿ ಹಿಡಿದು ನಿಂತ.

ಅಕ್ಕ ಎದ್ದು ಹತ್ತಿರ ಬಂದಳು. ತಲೆ ಹೊರಳಿಸುತ್ತ ಅಕ್ಷರ ಅಕ್ಷರವಾಗಿ ಓದಿದಳು. ತುಟಿಯ ಅಂಚು ನಗಲು ಸಿದ್ಧವಾಗಿ ಮೇಲಕ್ಕೆದ್ದಿತ್ತು. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇಳಿಯಿತು.

“ಇಷ್ಟೇನಾ?”

“ಇಷ್ಟೇ.”

“ಇದಕ್ಕಾ ಅಷ್ಟು ಜನ ನಕ್ಕಿದ್ದು?”

“ಆಗಿನ ಜನ.”

“ನಾನೂ?”

ಅವನು ತಲೆಯಾಡಿಸಿದ. ಅವಳು ಹೋಗಿ ಮತ್ತೆ ಗೋಡೆಯ ಪಕ್ಕ ಕೂತಳು. ರಿಮೋಟನ್ನು ಡಾಕ್ಟರ ಕೈಗೆ ಕೊಟ್ಟು, ಬೇಕಿದ್ದರೆ ನೀವು ಪೂರ್ತಿ ನೋಡಿ ಎಂದಳು. ಮೊಳೆಗೆ ನೇತುಹಾಕಿದ್ದ ಕೋಟನ್ನು ತೆಗೆದು, ಮಡಿಲಿಗೆ ಹಾಕಿಕೊಂಡು, ಅದರ ತೋಳಿನ ಹೊಲಿಗೆ ಬಿಚ್ಚತೊಡಗಿದಳು.

ಕಾಲೇಜಿನ ಸಭಾಂಗಣದಲ್ಲಿ ಆ ಫಲಕ ಬಂದ ಗಳಿಗೆಯಲ್ಲಿ ಅವನು ಪರದೆಯನ್ನು ನೋಡಿರಲಿಲ್ಲ; ಅಕ್ಕ ನಗುತ್ತಾಳೋ ಎಂದು ಕತ್ತಲಲ್ಲಿ ಅವಳ ಮುಖವನ್ನೇ ನೋಡುತ್ತಿದ್ದ. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.