ತಗ್ಗು ಬಾನೆಟ್ಟು, ಉಬ್ಬು ಬಾನೆಟ್ಟು

ಆ ಜೀಪಿಗೆ 'ಉಬ್ಬುಹಣೆ' ಎಂದು ಹೆಸರು, ಅದನ್ನು ಓಡಿಸುವವಳಿಗೆ 'ಜೀಪಕ್ಕ' ಎಂದು. ಎರಡೂ ಹೆಸರು ಇಟ್ಟವರು ಬೆಟ್ಟದ ಮೇಲೆ ಹಸು ಸಾಕಿಕೊಂಡಿದ್ದ ಹೆಂಗಸರು. ದಿನಾ ಬೆಳಿಗ್ಗೆ ಅವರ ಹಾಲಿನ ಕ್ಯಾನುಗಳನ್ನು ಕೆಳಗಿನ ಡೇರಿಗೆ ಮುಟ್ಟಿಸುವುದು ಅವಳ ಕೆಲಸ. ಲಾರಿಗಳು ಆ ದಾರಿಯ ಬುಡಕ್ಕೆ ಬಂದು, ಒಮ್ಮೆ ಮೇಲೆ ನೋಡಿ, ಬಂದ ಹಾಗೇ ತಿರುಗಿ ಹೋಗುತ್ತಿದ್ದವು. ಮೂರನೆಯ ತಿರುವಿನಲ್ಲಂತೂ ರಸ್ತೆ ಎನ್ನುವುದು ಬರೀ ಮಾತಿಗೆ. ಇದ್ದದ್ದು ಕಲ್ಲು, ಕಲ್ಲಿನ ಮೇಲೆ ಜಾರುವ ನೀರು.

ಉಬ್ಬುಹಣೆ ಎಂಬ ಹೆಸರು ಬಂದದ್ದು ಬಾನೆಟ್ಟಿನಿಂದ. ಜೀಪು ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಗ್ಯಾರೇಜಿನಲ್ಲಿ ಮೇಸ್ತ್ರಿಯಾಗಿದ್ದ ಅವಳಪ್ಪ ಮದುವೆಗೂ ಮುಂಚೆ ಕೊಂಡದ್ದು. ಆಗ ಅದಕ್ಕಿದ್ದದ್ದು ತಗ್ಗು ಬಾನೆಟ್ಟು. ಮುಂದೆ ಒಂದು ಏರಿನಲ್ಲಿ ಇಂಜಿನ್ ಹಿಡಿದುಕೊಂಡು ಕೈಕೊಟ್ಟಿತು. ಮೇಸ್ತ್ರಿಗೆ ಸಿಕ್ಕಿದ್ದು ಅದೇ ಜೀಪಿನ ನಂತರದ ಮಾದರಿಯ ಇಂಜಿನ್. ಬಲವೇನೋ ಜಾಸ್ತಿ, ಆದರೆ ಮೊದಲಿನದಕ್ಕಿಂತ ಗೇಣುದ್ದ ಎತ್ತರ. ಹಳೆ ಬಾನೆಟ್ಟು ಅದರ ಮೇಲೆ ಕೂರಲೇ ಇಲ್ಲ. ಕೊನೆಗೆ ಆ ನಂತರದ ಮಾದರಿಯ ಬಾನೆಟ್ಟನ್ನೇ ತಂದು, ಗಾಜಿನ ಬುಡದಲ್ಲಿ ಉಳಿದ ಸಂದಿಗೆ ಒಂದು ತಗಡಿನ ಪಟ್ಟಿ ಬೆಸೆದು ಹೊಂದಿಸಿದ. ಅಂದಿನಿಂದ ಜೀಪು ಹುಬ್ಬೇರಿಸಿ ನಿಂತ ಹಾಗೆ ಕಾಣತೊಡಗಿತು.

ಹಳೆಯದನ್ನು ಮೇಸ್ತ್ರಿ ಎಸೆಯಲಿಲ್ಲ. ಎಣ್ಣೆ ಸವರಿ, ಗೋಣಿಚೀಲ ಸುತ್ತಿ, ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಳೆಯದೇ ಚೆಂದ ಎಂದು ಕುರುಡನೂ ಕೈಯಾಡಿಸಿ ಹೇಳುತ್ತಿದ್ದ. ದಪ್ಪ ತಗಡು, ಅಂಚುಗಳು ಸವೆದ ಸಾಬೂನಿನಂತೆ ನುಣುಪು. ಹೊಸದು ಪೆಟ್ಟಿಗೆಯ ಮುಚ್ಚಳ. ತಗಡು ತೆಳು, ಕಲ್ಲು ದಾರಿಯಲ್ಲಿ ಹಲ್ಲು ಕಡಿದ ಹಾಗೆ ಗಡಗಡ ಸದ್ದು. ಆದರೆ ಅದರ ಕೆಳಗೆ ಇಂಜಿನ್ನಿಗೆ ಉಸಿರಾಡಲು ಜಾಗವಿತ್ತು, ಕೆಟ್ಟರೆ ಜೀಪಕ್ಕನ ಕೈ ಮೊಣಕೈವರೆಗೂ ಒಳಗೆ ಹೋಗುತ್ತಿತ್ತು. ಚೆಂದ ನೋಡಿಕೊಂಡು ಅವಳಿಗೇನೂ ಆಗಬೇಕಾಗಿರಲಿಲ್ಲ.

ಆಗಬೇಕಾಗಿದ್ದದ್ದು ಅವಳ ಅಣ್ಣನಿಗೆ. ವಿಮಾ ಕಚೇರಿಯ ಕೆಲಸಕ್ಕೆಂದು ಬೇರೆ ಮನೆ ಮಾಡಿದ್ದ ಅಣ್ಣ ಆ ವರ್ಷ ಹಳೆ ವಾಹನ ಪ್ರಿಯರ ಸಂಘ ಸೇರಿದ್ದ. ಸಂಘದವರು ಬೆಟ್ಟ ಹತ್ತುವ ಸ್ಪರ್ಧೆ ಇಟ್ಟುಕೊಂಡಿದ್ದರು, ಅದೂ ಇವಳ ಹಾಲಿನ ದಾರಿಯಲ್ಲೇ. ಜೀಪು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇರಬೇಕು ಎನ್ನುವುದು ಅವರ ನಿಯಮ.

ಒಂದು ರಾತ್ರಿ ಮನೆಗೆ ಬಂದು ಊಟಕ್ಕೆ ಕುಳಿತಾಗ ಅಣ್ಣ ವಿಷಯ ತೆಗೆದ. "ಹಳೆ ಬಾನೆಟ್ಟು ಮನೇಲೇ ಇದೆ. ಅದಕ್ಕೆ ಸರಿಹೋಗೋ ತಗ್ಗು ಇಂಜಿನ್ನು ನಮ್ಮ ಅಧ್ಯಕ್ಷರ ಹತ್ರ ಬಿದ್ದಿದೆ. ಎರಡನ್ನೂ ಹಾಕಿಬಿಟ್ರೆ ಅಪ್ಪನ ಜೀಪು ಅಪ್ಪನ ಜೀಪಾಗತ್ತೆ."

"ಈಗ ಅದೇನು ಪಕ್ಕದ ಮನೆಯವರದಾ?" ಎಂದಳು ಜೀಪಕ್ಕ.

"ಈಗ ಅದು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಒಂದರ ಮುಂಡ, ಇನ್ನೊಂದರ ರುಂಡ. ಸಂಘದಲ್ಲಿ ನಗ್ತಾರೆ."

"ನಗಲಿ, ಹಲ್ಲಿಗೆ ಗಾಳಿ ಆಡತ್ತೆ. ಆ ತಗ್ಗು ಇಂಜಿನ್ನು ತುಂಬಿದ ಕ್ಯಾನುಗಳ ಭಾರಾನ ಮೂರನೇ ತಿರುವಿನ ಇಳಿಜಾರಲ್ಲಿ ತಡೆದು ಹಿಡಿಯಲ್ಲ."

"ಎರಡು ಸಲ ಹೋಗಿ ಬಾ."

"ಎರಡನೇ ಸಲ ಹೋಗೋಷ್ಟರಲ್ಲಿ ಹಾಲು ಒಡೆದಿರತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ಅನ್ನೋ ಕಥೆ ನಿಂದು."

ಅಣ್ಣ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಕೆಮ್ಮಿದ. ಎರಡು ವರ್ಷದಿಂದ ಅವನ ಬಲಗೈಗೆ ಹಿಡಿತ ಇರಲಿಲ್ಲ. ತುತ್ತನ್ನು ಎಡಗೈಯಲ್ಲಿ ಎತ್ತುತ್ತಿದ್ದ. ಮಗಳು ಈ ಉಬ್ಬು ಬಾನೆಟ್ಟಿನ ಪಕ್ಷ ವಹಿಸಿದ್ದು ಅವನ ಕೈಗೆಲಸದ ಮೇಲಿನ ಅಭಿಮಾನದಿಂದಲೂ ಹೌದು. ಅವನು ಅದನ್ನು ಮೆಚ್ಚುತ್ತಾನೆ ಎಂದುಕೊಂಡಿದ್ದಳು.

"ಆ ಪಟ್ಟಿ ಬೆಸೆದ ದಿನ ನಂಗೆ ಊಟ ಸೇರಲಿಲ್ಲ," ಎಂದ ಮೇಸ್ತ್ರಿ. "ಬೇರೆ ದಾರಿ ಇರಲಿಲ್ಲ, ಮಾಡಿದೆ. ಅದನ್ನ ಮೊದಲಿದ್ದ ಹಾಗೆ ಒಂದ್ಸಲ ನೋಡಬೇಕು ನಾನು."

ಅಪ್ಪ ಏನನ್ನೂ ಬಾಯಿಬಿಟ್ಟು ಕೇಳುವವನಲ್ಲ. ಅವಳು ನೀರು ಕುಡಿದು, ತಟ್ಟೆ ಎತ್ತಿಕೊಂಡು ಎದ್ದಳು. "ಆಗಲ್ಲ ಅಪ್ಪ," ಎಂದಳು. "ನಿಂಗೆ ಅಂತ ಬೇರೆ ಏನು ಕೇಳಿದ್ರೂ ಮಾಡ್ತೀನಿ. ಇದು ಆಗಲ್ಲ."

ಮೇಸ್ತ್ರಿ ಆಮೇಲೆ ಆ ಮಾತೆತ್ತಲಿಲ್ಲ. ಅಣ್ಣನೂ ಸುಮ್ಮನಿದ್ದ. ಅವನು ಸುಮ್ಮನಿದ್ದಾನೆಂದರೆ ಒಳಗೊಳಗೇ ಏನೋ ಬೇಯುತ್ತಿದೆ ಎಂದು ಅವಳಿಗೆ ಹೊಳೆಯಬೇಕಿತ್ತು.

ಸ್ಪರ್ಧೆಯ ದಿನ ಅವಳು ಶೆಡ್ಡಿನ ಬಾಗಿಲು ತೆಗೆದಾಗ ಉಬ್ಬು ಬಾನೆಟ್ಟು ಮಾಯವಾಗಿತ್ತು. ಅದರ ಜಾಗದಲ್ಲಿ ಹಳೆಯದು, ಹೊಳೆಯುವ ಹಸಿರು ಬಣ್ಣ ಬಳಿದುಕೊಂಡು, ಎತ್ತರದ ಇಂಜಿನ್ನಿನ ಮೇಲೆ ಚಿಕ್ಕ ಮಗುವಿನ ಟೋಪಿಯ ಹಾಗೆ ಕೂತಿತ್ತು. ಹಿಂದುಗಡೆ ಎರಡು ಮರದ ತುಂಡು ಕೊಟ್ಟು, ಬೆಲ್ಟಿನಿಂದ ಬಿಗಿದಿದ್ದರು. ಪಕ್ಕದಲ್ಲಿ ಅಣ್ಣ ನಿಂತಿದ್ದ. ಕುರ್ಚಿಯ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಸ್ತ್ರಿ ಕುಳಿತಿದ್ದ.

"ಬೆಟ್ಟ ಹತ್ತಿಸಲ್ಲ, ಬರೀ ಸಾಲಲ್ಲಿ ನಿಲ್ಲಿಸ್ತೀವಿ," ಎಂದ ಅಣ್ಣ. "ಅಪ್ಪ ಪಕ್ಕದಲ್ಲಿ ಕೂರ್ತಾನೆ. ಫೋಟೋ ತೆಗೀತಾರೆ, ಮುಗೀತು. ಇವತ್ತೊಂದು ದಿನ ಹಾಲು ತರದಿದ್ರೆ ಲೋಕ ಮುಳುಗಲ್ಲ."

"ನನ್ನ ಬಾನೆಟ್ಟೆಲ್ಲಿ?"

"ಟಿಂಕರ್ ಅಂಗಡೀಲಿದೆ. ಸಂಜೆ ಹಾಕ್ಸಿ ಕೊಡ್ತೀನಿ."

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಬಾನೆಟ್ಟನ್ನು ನೋಡುತ್ತಿದ್ದ. ಒಂದು ಗಳಿಗೆ, ಹಾಳಾಗಿ ಹೋಗಲಿ, ಒಂದು ದಿನ ತಾನೆ ಎನಿಸಿತು ಅವಳಿಗೆ. ಆದರೆ ಮೇಲೆ ಹಾಲು ಕರೆದಿಟ್ಟುಕೊಂಡು ಕಾಯುವವರಿಗೆ ಆ ಒಂದು ದಿನದ ಸುದ್ದಿ ಯಾರೂ ಕೊಟ್ಟಿರಲಿಲ್ಲ. ಅವಳಿಗೂ ಕೊಟ್ಟಿರಲಿಲ್ಲ. ಅದು ನೆನಪಾದದ್ದೇ ತಡ, ಮೈಯೆಲ್ಲ ಉರಿದುಹೋಯಿತು.

ಅವಳು ಬೆಲ್ಟು ಬಿಚ್ಚಿದಳು. ಅಣ್ಣ ತೋಳು ಹಿಡಿಯಲು ಬಂದ. "ನನ್ನ ಮುಟ್ಟಿದ್ರೆ ಬಾನೆಟ್ಟಿನ ಬಣ್ಣ ಕಿತ್ತು ಬರತ್ತೆ ನೋಡು," ಎಂದಳು. ಅವನು ಕೈ ಹಿಂದಕ್ಕೆಳೆದುಕೊಂಡ. ಹಳೆಯ ಬಾನೆಟ್ಟನ್ನು ಎರಡೂ ಕೈಯಿಂದ ಎತ್ತಿ, ಮೇಸ್ತ್ರಿಯ ಎದುರಿನ ಗೋಡೆಗೆ ಒರಗಿಸಿ ಇಟ್ಟಳು.

"ಒಂದು ಗೀರೂ ಬಿದ್ದಿಲ್ಲ ಅಪ್ಪ. ಕೂತ್ಕೊಂಡು ಕಣ್ತುಂಬ ನೋಡು."

ಮಾತು ಬಾಯಿಂದ ಬಿದ್ದ ಮೇಲೆ ಅದರ ಖಾರ ಅವಳಿಗೇ ತಟ್ಟಿತು. ತಿರುಗಿ ನೋಡದೆ ಜೀಪು ಹತ್ತಿದಳು. ಬೋಳು ಇಂಜಿನ್ನಿನ ಅಬ್ಬರಕ್ಕೆ ಅಣ್ಣ ಕೂಗಿದ್ದೇನೂ ಕೇಳಿಸಲಿಲ್ಲ.

ಬೆಟ್ಟದ ಬುಡದಲ್ಲಿ ದಾರಿಗೆ ಅಡ್ಡವಾಗಿ ಹಗ್ಗ ಕಟ್ಟಿದ್ದರು. ಹಗ್ಗದ ಪಕ್ಕ ಸಾಲಾಗಿ ಜೀಪುಗಳು, ಒಂದಕ್ಕಿಂತ ಒಂದು ಮಿರಮಿರ ಮಿಂಚುತ್ತ, ಸ್ಪರ್ಧೆ ಶುರುವಾಗಲು ಕಾದಿದ್ದವು. ತೋಳಿಗೆ ಪಟ್ಟಿ ಕಟ್ಟಿಕೊಂಡವನೊಬ್ಬ ಓಡಿಬಂದ.

"ಮಧ್ಯಾಹ್ನದ ತನಕ ದಾರಿ ಬಂದ್ ಅಮ್ಮ."

"ಯಾರನ್ನ ಕೇಳಿ ಮಾಡಿದ್ರಿ?"

"ಎಲ್ಲರಿಗೂ ತಿಳಿಸಿದೀವಿ."

"ಹಸುಗಳಿಗೆ ತಿಳಿಸಿದ್ರಾ? ಅವು ಬೆಳಗಾದ ತಕ್ಷಣ ಹಾಲು ಕೊಟ್ಟುಬಿಟ್ಟಿವೆ."

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಕೆಟ್ಟ ಮನುಷ್ಯರೇನಲ್ಲ, ತಮ್ಮ ನಿಯಮವನ್ನು ಬಹಳ ಪ್ರೀತಿಸುವವರು, ಅಷ್ಟೆ. ಬೋಳು ಇಂಜಿನ್ನನ್ನು ನೋಡಿ ಅವರ ಮುಖ ಸಣ್ಣಗಾಯಿತು.

"ಈ ಗಾಡಿ ಸ್ಪರ್ಧೇಲಿಲ್ಲ," ಎಂದರು.

"ನಾನೂ ಇಲ್ಲ ಸಾರ್."

"ಬಾನೆಟ್ಟಿಲ್ಲದ ಗಾಡೀನ ರಸ್ತೆಗೆ ತರಬಾರದಮ್ಮ."

"ಬಿಚ್ಚಿಕೊಂಡು ಹೋದೋರು ನಿಮ್ಮ ಸಂಘದೋರೇ. ಅವರನ್ನೇ ಕೇಳಿ." ಅವಳು ಇಳಿದು ಹಗ್ಗದ ಗಂಟು ಬಿಚ್ಚತೊಡಗಿದಳು. "ನೀವಿನ್ನೂ ಶುರು ಮಾಡಿಲ್ಲ, ನಾನು ಯಾರಿಗೂ ಅಡ್ಡ ಬರಲ್ಲ. ಆದ್ರೆ ನಿಲ್ಲಲ್ಲ. ಬೇಕಿದ್ರೆ ದೂರು ಕೊಡಿ. ಎಲ್ಲಿಗೆ ಕರೆದ್ರೂ ಬರ್ತೀನಿ, ಹಾಲು ಹಾಕಿ ಬಂದ ಮೇಲೆ."

ಯಾರೂ ತಡೆಯಲಿಲ್ಲ.

ಎರಡನೆಯ ತಿರುವಿನಲ್ಲಿ ತುಂತುರು ಹಿಡಿಯಿತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಇಂಜಿನ್ ಎರಡು ಸಲ ಸೀನಿ ನಿಂತಿತು. ಅವಳು ಇಳಿದು ಅದನ್ನು ಒರೆಸಿ, ಕ್ಯಾನು ತೊಳೆಯುವಾಗ ಹಾಕುವ ರಬ್ಬರ್ ಕೈಗವಸನ್ನು ಅದಕ್ಕೆ ತೊಡಿಸಿ, ಬೆರಳುಗಳ ತುದಿ ಕತ್ತರಿಸಿ ವೈರುಗಳನ್ನು ಹೊರತೆಗೆದಳು. ಇಂಜಿನ್ನಿನ ನಡುವಿನಿಂದ ಯಾರೋ ಕೈಯೆತ್ತಿ ನಿಂತ ಹಾಗಿತ್ತು. ಒಬ್ಬಳೇ ನಕ್ಕಳು. ಮೂರನೆಯ ತಿರುವಿನಲ್ಲಿ ಚಕ್ರ ಜಾರಿ, ಬಿಸಿ ಎಣ್ಣೆಯ ಹನಿಗಳು ಗಾಜಿಗೆ ರಾಚಿದವು. ಹಲ್ಲು ಕಚ್ಚಿ ಸ್ಟೀರಿಂಗ್ ಹಿಡಿದಳು. ಜೀಪು ಹತ್ತಿತು.

"ಉಬ್ಬುಹಣೆ ತಲೆ ಬೋಳಿಸ್ಕೊಂಡಿದೆ, ಏನು ಹರಕೆ ಇತ್ತಾ?" ಎಂದಳು ಮೇಲೆ ಕ್ಯಾನು ಎತ್ತಿಕೊಡುತ್ತಿದ್ದ ಮುದುಕಿ.

"ನಮ್ಮಣ್ಣಂದು," ಎಂದಳು ಜೀಪಕ್ಕ.

ಇಳಿಯುವಾಗ ಕೆಳಗಿನಿಂದ ಸ್ಪರ್ಧೆಯ ಜೀಪುಗಳು ಬರುವ ಸದ್ದಾಯಿತು. ಏರುವವರಿಗೆ ದಾರಿ ಬಿಡುವುದು ಬೆಟ್ಟದ ರೀತಿ. ಅವಳು ಅಗಲವಾದ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿದಳು. ಒಂದರ ಹಿಂದೆ ಒಂದು ತಗ್ಗು ಬಾನೆಟ್ಟುಗಳು ಅವಳ ಮುಂದೆ ಹಾದುಹೋದವು. ಒದ್ದೆಯಾದ ಬಣ್ಣದ ಮೇಲೆ ಮೋಡದ ಬೆಳಕು ಜಾರುತ್ತಿತ್ತು. ಎಷ್ಟು ಲಕ್ಷಣವಾಗಿದ್ದವು. ಅಪ್ಪನ ಜೀಪೂ ಹೀಗೇ ಇದ್ದಿರಬೇಕು, ಅಪ್ಪನೂ ಆಗ ಹೀಗೇ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದನೇನೋ. ಅವಳ ಕಣ್ಣು ಮಂಜಾಯಿತು. ಅಪ್ಪ ಕೇಳಿದ್ದು ಸಣ್ಣದಲ್ಲ ಎಂದು ಅವಳಿಗೆ ಅಲ್ಲಿ ಚೆನ್ನಾಗಿ ತಿಳಿಯಿತು. ತಿಳಿದರೂ, ಇನ್ನೊಮ್ಮೆ ಕೇಳಿದರೂ ತಾನು ಇಲ್ಲವೆಂದೇ ಹೇಳುತ್ತೇನೆ ಎನ್ನುವುದೂ ತಿಳಿಯಿತು. ಕೊನೆಯ ಜೀಪು ದಾಟಿದ ಮೇಲೆ ಮುಖ ಒರೆಸಿಕೊಂಡು ಬೆಟ್ಟ ಇಳಿದಳು.

ಡೇರಿಗೆ ಹಾಲು ಹಾಕಿ, ನೇರ ಟಿಂಕರ್ ಅಂಗಡಿಗೆ ಹೋದಳು. ಅವಳ ಬಾನೆಟ್ಟು ಬೆಂಚಿನ ಮೇಲಿತ್ತು. ಅದರ ಎರಡೂ ಬದಿಗೆ, ಅಂಚಿನಿಂದ ಗೇಣುದ್ದ ಮೇಲೆ, ಸೀಮೆಸುಣ್ಣದ ಗೆರೆ.

"ಇದೇನಣ್ಣ?"

ಟಿಂಕರ್ ತಲೆ ಕೆರೆದುಕೊಂಡ. "ಕತ್ತರಿಸಿ ತಗ್ಗಿಸು ಅಂದಿದ್ರು ನಿಮ್ಮಣ್ಣ. ಹೇಗೂ ಇಂಜಿನ್ನು ಬದಲಾಗತ್ತಂತೆ. ನಿಮಗೆ ಗೊತ್ತಿದೆ ಅಂದ್ಕೊಂಡೆ."

"ಈಗ ಗೊತ್ತಾಯ್ತು. ಆ ಕಡೆ ಹಿಡಿ, ಗಾಡಿಗೆ ಹಾಕೋಣ."

ಸಂಜೆ ಅವಳು ಶೆಡ್ಡಿನಲ್ಲಿ ಒಬ್ಬಳೇ ಬಾನೆಟ್ಟು ಕೂರಿಸುತ್ತಿದ್ದಾಗ ಅಣ್ಣ ಬಂದು ಬಾಗಿಲಲ್ಲಿ ನಿಂತ. ಮೇಸ್ತ್ರಿ ಅದೇ ಕುರ್ಚಿಯಲ್ಲಿದ್ದ. ಇಸ್ತ್ರಿ ಅಂಗಿ ಮಾತ್ರ ಬದಲಿಸಿದ್ದ.

"ನನ್ನನ್ನ ಸಂಘದಿಂದ ತೆಗೆದ್ರು," ಎಂದ ಅಣ್ಣ. "ಎಲ್ಲರ ಮುಂದೆ ಮಾನ ಹೋಯ್ತು. ಹೋಗ್ಲಿ, ಅಪ್ಪನ ಆಸೇನಾದ್ರೂ ಉಳಿಸಿದ್ಯಾ? ಮಣ್ಣು ಪಾಲು ಮಾಡಿದೆ."

"ಮಾಡಿದೆ," ಎಂದಳು, ಸ್ಪ್ಯಾನರ್ ಕೆಳಗಿಡದೆ. "ನಂಗೂ ಸಂಕಟ ಆಯ್ತು. ಆದ್ರೆ ಗೆರೆ ಎಳೆಸಿದೋನು ನೀನು. ಎದುರಿಗೆ ನಿಂತು ಜಗಳ ಆಡಿದ್ರೆ ಆಡ್ತಿದ್ದೆ. ಈ ಇಂಜಿನ್ನಿನ ಮೇಲೆ ಮತ್ತೆ ಕೂರದ ಹಾಗೆ ಕದ್ದು ಕತ್ತರಿಸೋಕೆ ಹೋದ್ಯಲ್ಲ, ಅದನ್ನ ಮರೆಯಲ್ಲ."

ಗೆರೆಯ ವಿಷಯ ಮೇಸ್ತ್ರಿಗೂ ಗೊತ್ತಿರಲಿಲ್ಲ. ಅವನು ಮಗನತ್ತ ತಿರುಗಿ ನೋಡಿದ. ಅಣ್ಣ ಹೊರಟುಹೋದ. ಆಮೇಲೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಎಡಗಡೆ ಬೋಲ್ಟು ಸಡಿಲ ಇದೆ," ಎಂದ. ಅಂದು ಅವನು ಮಗಳೊಂದಿಗೆ ಆಡಿದ ಮಾತು ಅದೊಂದೇ.

ಅಣ್ಣ ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕಲಿಲ್ಲ. ಅವಳೂ ಕರೆಯಲು ಹೋಗಲಿಲ್ಲ. ಅಪ್ಪ ಮಗಳ ನಡುವೆ ಅನ್ನ, ನೀರು, ಮಾತ್ರೆಯ ಮಾತಷ್ಟೇ ಉಳಿಯಿತು.

ಒಂದು ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೆ ಮೇಸ್ತ್ರಿ ಬಂದು ಜೀಪಿನ ಪಕ್ಕ ನಿಂತ. ಎಡಗೈಯಲ್ಲಿ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟ. ಅವಳು ಬೆನ್ನಿಗೆ ಕೈಕೊಟ್ಟು ಹತ್ತಿಸಿದಳು. ದಾರಿಯುದ್ದಕ್ಕೂ ಅವನು ಹೊರಗೆ ನೋಡುತ್ತ ಕುಳಿತಿದ್ದ. ಮೂರನೆಯ ತಿರುವು ಬಂದಾಗ ಬಾಯಿಬಿಟ್ಟ.

"ಎರಡನೇ ಗೇರು ಹಾಕು."

ಅವಳು ಒಂದನೇ ಗೇರಿನಲ್ಲೇ ಹತ್ತಿಸತೊಡಗಿದಳು.

"ಎರಡನೇ ಗೇರು ಅಂದೆ."

"ಕೇಳಿಸ್ತು ಅಪ್ಪ," ಎಂದಳು ಜೀಪಕ್ಕ, ಒಂದನೇ ಗೇರಿನಲ್ಲೇ ತಿರುವು ದಾಟುತ್ತ.