ಹದಿನೇಳನೆಯ ಬಿಲ್ಲೆ

ನಾನು ನೆಲ ಒರೆಸುವ ಸ್ಥಾವರದಲ್ಲಿ ಹಗಲು ಮಿಕ್ಕ ಕರೆಂಟನ್ನು ಕಲ್ಲಿನಲ್ಲಿ ಕೂಡಿಡುತ್ತಾರೆ. ಎರಡು ಭಾರೀ ತೊಟ್ಟಿಗಳ ತುಂಬ ಜಲ್ಲಿ. ಪಂಪು ಒಂದರ ಶಾಖ ಹೀರಿ ಇನ್ನೊಂದಕ್ಕೆ ತುಂಬುತ್ತದೆ. ಸಂಜೆ ಅದೇ ಶಾಖದಿಂದ ಎಂಜಿನ್ ತಿರುಗಿ ಕರೆಂಟು ವಾಪಸು ಬರುತ್ತದೆ. ಇಷ್ಟನ್ನು ನನಗೆ ತಿಳಿಸಿಕೊಟ್ಟವಳು ಸೊಸೆ. ಅವಳು ಅಲ್ಲಿ ಫಿಟ್ಟರ್.

ವರ್ಷಕ್ಕೊಮ್ಮೆ ಬಿಸಿ ತೊಟ್ಟಿಯನ್ನು ಆರಿಸಿ ತೆರೆಯುತ್ತಾರೆ. ಒಳಹೋಗುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ತೂಗುಹಾಕಬೇಕು, ಹೊರಬಂದವರು ತೆಗೆದುಕೊಳ್ಳಬೇಕು. ಹಲಗೆ ಬರಿದಾದ ಮೇಲೆಯೇ ಪಂಪು ಶುರು.

ಈ ಸಲ ತೊಟ್ಟಿ ತೆರೆದ ದಿನ ಹಲಗೆಯಲ್ಲಿ ಮೂರು ಬಿಲ್ಲೆಗಳಿದ್ದವು, ಜಿಡ್ಡು ಹಿಡಿದು ಕಪ್ಪಗಾಗಿದ್ದವು. ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪಂಪು ನಡೆಸುವ ಮುದುಕ, ಎಲ್ಲರೂ ‘ಗಡಿಯಾರ’ ಎಂದು ಕರೆಯುವವನು, ನಾನು ಮೀಟರಿನ ಗಾಜು ಉಜ್ಜುವಾಗಲೆಲ್ಲ ಗೇಲಿ ಮಾಡುತ್ತಿದ್ದ: “ಅಕ್ಕಾ, ಒಳಗಿನ ಮುಳ್ಳನ್ನಾದ್ರೂ ಉಳಿಸಿ.” ಅವನಿಲ್ಲದ ಹೊತ್ತು ನೋಡಿ ಮೂರನ್ನೂ ನಲ್ಲಿಗೆ ಒಯ್ದು ತಿಕ್ಕಿದೆ. ಎರಡನ್ನು ತೂಗುಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ಚಹಾ ಚೆಲ್ಲಿದೆಯೆಂದು ಯಾರೋ ಕರೆದರು. ಓಡಿದೆ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಕೈ ಒರೆಸುವ ಬಟ್ಟೆಗೆಂದು ಏಪ್ರನ್ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗೆ ಏನೋ ತಗುಲಿತು. ಹದಿನೇಳು. ಸೊಸೆಯ ನಂಬರು. ಅಷ್ಟರಲ್ಲಾಗಲೇ ಪಂಪು ಗುಂಯ್‌ಗುಡುತ್ತಿತ್ತು.

ಗಡಿಯಾರನ ಮುಂದೆ ಓಡಿ ಹೋಗಿ ನಿಂತೆ. “ನನ್ನ ಸೊಸೆ ಒಳಗಿದಾಳೆ.”

“ಹಲಗೆ ಖಾಲಿ ಇತ್ತಲ್ಲಕ್ಕಾ. ಕೂಗಿಯೇ ಬಾಗಿಲು ಹಾಕಿದ್ದು.”

ಅಂಗೈ ಬಿಚ್ಚಿ ತೋರಿಸಿದೆ. ಅವನು ತಟ್ಟನೆ ಪಂಪು ನಿಲ್ಲಿಸುವ ಕೆಂಪು ಗುಂಡಿ ಒತ್ತಿದ.

ತೊಟ್ಟಿಗೆ ಎರಡು ಬಾಗಿಲು. ಒಂದು ಕಲ್ಲಿನ ಮೇಲ್ಗಡೆ, ಇನ್ನೊಂದು ಕಲ್ಲನ್ನು ಹೊತ್ತ ಅಡಿಯ ಜಾಲರಿಯ ಕೆಳಗೆ. ಶಾಖ ಬರುವುದು ಮೇಲಿನಿಂದ. ಕಲ್ಲಿನಿಂದ ಕಲ್ಲಿಗೆ ಇಳಿದು ತಳ ಮುಟ್ಟಲು ತಾಸುಗಟ್ಟಲೆ ಬೇಕು. ಬಿಲ್ಲೆ ಕಾಣದೆ ಅವಳು ಮೊದಲೇ ಹೊರಬಂದಳೆಂದುಕೊಂಡಿದ್ದ ಜೊತೆಯ ಇಬ್ಬರಿಗೂ ಅವಳು ಯಾವ ಬಾಗಿಲಿನಿಂದ ಹೋದಳೆಂದು ಗೊತ್ತಿರಲಿಲ್ಲ. ಮೇಲಿನದನ್ನು ತೆರೆದರು. ಒಲೆಯ ಬಾಯಿಯಂಥ ಗಾಳಿ ನುಗ್ಗಿ ಗಡಿಯಾರನ ಹುಬ್ಬು ಸುಟ್ಟಿತು. ನಾನು ಕೂಗಿದೆ. ಒಳಗಿನಿಂದ ಏನೂ ಬರಲಿಲ್ಲ.

ಕಂಬಿಗೆ ಜೋತುಬಿದ್ದು ಕೆಳಗಿಳಿದೆ. ಆ ಬಾಗಿಲಿಗೆ ಆರು ಬೋಲ್ಟು. ನಾಲ್ಕನೆಯದನ್ನು ಬಿಚ್ಚುವಾಗ ಒಳಗಿನಿಂದ ಟಕ್, ಟಕ್ ಎಂದಿತು.

ತೆವಳಿಕೊಂಡು ಬಂದಳು. ಧೂಳಿಗೆ, ಸದ್ದಿಗೆ ಹೆದರಿ ತುರುಕಿಕೊಂಡಿದ್ದ ಅರಳೆ ಕಿವಿಯಲ್ಲಿ ಇನ್ನೂ ಇತ್ತು. ಕಬ್ಬಿಣ ಗುದ್ದಿ ಗುದ್ದಿ ಬೆರಳಗೆಣ್ಣುಗಳು ಒಡೆದಿದ್ದವು.

“ತೊಳೆಯೋಕೆ ಅಂತ ನಾನೇ ತೆಗೆದೆ ಕಣಮ್ಮ,” ಎಂದು ಬಿಲ್ಲೆ ಚಾಚಿದೆ.

ಅವಳು ಅದನ್ನು ತಿರುಗಿಸಿ ನೋಡಿದಳು. ಥಳಥಳ ಹೊಳೆಯುತ್ತಿತ್ತು. ಮೆಟ್ಟಿಲು ಹತ್ತಿ, ಹಲಗೆಯ ಬರಿಯ ಕೊಕ್ಕೆಗೆ ತೂಗುಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಆಮೇಲೆ ತಾನೇ ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಈಗ ಹೊರಗೆ ಬಂದೆ, ಅತ್ತೆ,” ಎಂದಳು. ನನ್ನ ಕಡೆ ನೋಡಲಿಲ್ಲ.